ಮೊಳದ ದೂರದ ಚಿಟ್ಟೆಗೆ ಒಂದು ಬೈನಾಕ್ಯುಲರ್: ಪೆಂಟಾಕ್ಸ್ ಪಾಪಿಲಿಯೊ 6.5×21

ಜನವರಿ ಬಂತು ಅಂದರೆ ನಮ್ಮ ಕಡೆ ದರಕು ಗುಡಿಸುವ ಕೆಲಸ ಶುರು. ಒಣಗಿ ಉದುರಿದ ಎಲೆಗೆ ನಾವು ದರಕು ಅನ್ನುತ್ತೇವೆ. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತ ಅಡಿಕೆ ತೋಟ ಇರುವ ಎಷ್ಟೋ ಮನೆಗಳಿಗೆ ಸೊಪ್ಪಿನ ಬೆಟ್ಟವೂ ಇರುತ್ತದೆ. ಅಲ್ಲಿ ಗುಡಿಸಿದ ದರಕನ್ನು ಹೆಡಿಗೆಯಲ್ಲಿ ತುಂಬಿ ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸುತ್ತೇವೆ. ಮುಂದೆ ಅದೇ ತೋಟಕ್ಕೆ ಗೊಬ್ಬರ.

ಗುಡಿಸುವಾಗ ಒಂದು ಸಂಗತಿ ದಿನವೂ ಆಗುತ್ತದೆ. ಪೊರಕೆ ತಾಗುವ ಮೊದಲೇ ಒಂದು ಒಣ ಎಲೆ ಎದ್ದು ಹಾರುತ್ತದೆ. ಹತ್ತು ಹೆಜ್ಜೆ ಆಚೆ ಹೋಗಿ ತಟ್ಟನೆ ಕೂರುತ್ತದೆ. ಕೂತ ಮೇಲೆ ಅದು ಎಲ್ಲಿ ಹೋಯಿತು ಅಂತ ಹುಡುಕಿದರೂ ಸಿಗುವುದಿಲ್ಲ. ಅದು ಎಲೆಯಲ್ಲ, ಚಿಟ್ಟೆ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. ಹಾರುವುದೆಲ್ಲ ಹಾತೆ, ಅಷ್ಟೇ. ನನ್ನ ನೋಟ್‌ಬುಕ್ಕಿನಲ್ಲಿ ಮೂರು ವರ್ಷ ಒಂದೇ ಸಾಲು ಮತ್ತೆ ಮತ್ತೆ ಬಂದಿದೆ: “ಕಂದು ಚಿಟ್ಟೆ, ದೊಡ್ಡದು, ಯಾವುದೆಂದು ತಿಳಿಯಲಿಲ್ಲ.”

ಆ ಸಾಲು ನಿಂತದ್ದು ಈ ಬೈನಾಕ್ಯುಲರ್ ಮನೆಗೆ ಬಂದ ಮೇಲೆ. ಪೆಂಟಾಕ್ಸ್‌ನವರ ಪಾಪಿಲಿಯೊ, 6.5×21. ಅಂದರೆ ಆರೂವರೆ ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 21 ಮಿಲಿಮೀಟರ್ ಅಗಲ. ಎರಡು ಮಳೆಗಾಲ, ಎರಡು ಬೇಸಿಗೆ ಇದನ್ನು ಕೊರಳಿಗೆ ಹಾಕಿಕೊಂಡು ತೋಟ, ಗದ್ದೆ, ಬೆಟ್ಟ ಸುತ್ತಿದ್ದೇನೆ. ಹೊಸದು ಬಂದ ವಾರವೇ ಬರೆಯಬಹುದಿತ್ತು. ಆದರೆ ಮಲೆನಾಡಿನ ಮಳೆ ದಾಟದೆ ಗಾಜಿನ ಸಾಮಾನಿನ ಬಗ್ಗೆ ಹೇಳಬಾರದು ಅಂತ ಸುಮ್ನೆ ಇದ್ದೆ.

ಹಿಂದೆ ನನ್ನ ಹತ್ತಿರ ಇದ್ದದ್ದು ಹಕ್ಕಿ ನೋಡುವ ದೊಡ್ಡ ಬೈನಾಕ್ಯುಲರ್. ಮರದ ತುದಿಯ ಮಂಗಟ್ಟೆ ಹಕ್ಕಿಗೆ ಅದು ಚೆನ್ನ. ನೆಲದ ಮೇಲೆ ಕೂತ ಚಿಟ್ಟೆಗೆ ಪ್ರಯೋಜನವಿಲ್ಲ. ನಾಲ್ಕು ಮೀಟರ್‌ಗಿಂತ ಹತ್ತಿರದ್ದು ಅದರಲ್ಲಿ ಮಂಜು ಮಂಜು. ನಾಲ್ಕು ಮೀಟರ್ ಆಚೆಯಿಂದ ದರಕಿನ ನಡುವೆ ಕಂದು ಚಿಟ್ಟೆ ಹುಡುಕುವುದು ಹೇಗೆ? ಫೋನ್ ಹಿಡಿದು ಹತ್ತಿರ ಹೋಗಿ ನೋಡಿದ್ದೇನೆ. ನೂರು ಸಲ ಹೋದರೆ ತೊಂಬತ್ತು ಸಲ ಫೋನಿನ ನೆರಳು ಬಿದ್ದ ತಕ್ಷಣ ಚಿಟ್ಟೆ ಎದ್ದುಬಿಡುತ್ತದೆ. ಬಲೆ ಬೀಸಿ ಹಿಡಿಯುವುದು ನನಗೆ ಇಷ್ಟವಿಲ್ಲ. ರೆಕ್ಕೆಯ ಪುಡಿ ಕೈಗೆ ಅಂಟಿದರೆ ಮನಸ್ಸಿಗೆ ಏನೋ ಆಗುತ್ತದೆ.

ಪಾಪಿಲಿಯೊ 50 ಸೆಂಟಿಮೀಟರ್ ದೂರದಿಂದಲೇ ಸ್ಪಷ್ಟವಾಗಿ ತೋರಿಸುತ್ತದೆ. ಅಂದರೆ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ. ಇಷ್ಟು ಹತ್ತಿರಕ್ಕೆ ಸಾಮಾನ್ಯ ಬೈನಾಕ್ಯುಲರ್ ಯಾಕೆ ಆಗುವುದಿಲ್ಲ ಅನ್ನುವುದನ್ನು ಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಒಂದು ಬೆರಳನ್ನು ಮೂಗಿನ ಹತ್ತಿರ ತನ್ನಿ. ಎರಡೂ ಕಣ್ಣು ಒಳಕ್ಕೆ ತಿರುಗಬೇಕಾಗುತ್ತದೆ, ಅಲ್ವಾ? ಸಾಮಾನ್ಯ ಬೈನಾಕ್ಯುಲರ್‌ನ ಎರಡು ಕೊಳವೆಗಳು ನೆಟ್ಟಗೆ ಮುಂದಕ್ಕೆ ನೋಡುತ್ತವೆ. ಹತ್ತಿರದ ವಸ್ತುವಿನ ಎರಡು ಚಿತ್ರ ಒಂದರ ಮೇಲೊಂದು ಕೂರುವುದೇ ಇಲ್ಲ. ಪಾಪಿಲಿಯೊದಲ್ಲಿ ಫೋಕಸ್ ಚಕ್ರ ತಿರುಗಿಸಿದ ಹಾಗೆ ಮುಂದಿನ ಎರಡು ಮಸೂರಗಳು ಒಂದರ ಕಡೆಗೆ ಒಂದು ಸರಿಯುತ್ತವೆ. ನಮ್ಮ ಕಣ್ಣುಗುಡ್ಡೆ ಒಳಕ್ಕೆ ತಿರುಗಿದ ಹಾಗೆಯೇ. ಮುಂಭಾಗದ ಗಾಜಿನೊಳಗೆ ಅವು ಸರಿಯುವುದು ಕಾಣುತ್ತದೆ. ಮಗಳು ರಜೆಗೆ ಬಂದಾಗ ಚಿಟ್ಟೆಗಿಂತ ಅದನ್ನೇ ಹೆಚ್ಚು ಹೊತ್ತು ನೋಡಿದಳು.

ಹೆಸರಿನ ಬಗ್ಗೆ ಒಂದು ಮಾತು. ಲ್ಯಾಟಿನ್ ಭಾಷೆಯಲ್ಲಿ ಪಾಪಿಲಿಯೊ ಅಂದರೆ ಚಿಟ್ಟೆ. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಜೀವಿಗಳಿಗೆಲ್ಲ ಹೆಸರಿಡುತ್ತಾ ಹೋದಾಗ ಚಿಟ್ಟೆಗಳನ್ನೆಲ್ಲ ಪಾಪಿಲಿಯೊ ಅನ್ನುವ ಒಂದೇ ಗುಂಪಿಗೆ ಹಾಕಿದ. ನನ್ನ ದರಕಿನ ಚಿಟ್ಟೆಗೂ ಆಗ ಸಿಕ್ಕ ಹೆಸರು ಪಾಪಿಲಿಯೊ ಲೆಡಾ. ಈಗ ಅದು ಮೆಲನೈಟಿಸ್ ಲೆಡಾ. ಇಂಗ್ಲಿಷಿನಲ್ಲಿ ಕಾಮನ್ ಈವನಿಂಗ್ ಬ್ರೌನ್. ಆಫ್ರಿಕಾದಿಂದ ಹಿಡಿದು ನಮ್ಮ ದೇಶ ದಾಟಿ ಆಸ್ಟ್ರೇಲಿಯಾದವರೆಗೆ ಇದೆ. ನಾನು ಮನೆಯಲ್ಲಿ ಸಂಜೆಕಂದು ಅನ್ನುತ್ತೇನೆ. ಹಗಲಿಡೀ ದರಕಿನಲ್ಲಿ ಕೂತು, ದೀಪ ಹಚ್ಚುವ ಹೊತ್ತಿಗೆ ಹಾರಾಟ ಶುರು ಮಾಡುವ ಚಿಟ್ಟೆಗೆ ಬೇರೆ ಯಾವ ಹೆಸರೂ ಇಷ್ಟು ಹೊಂದಲಿಲ್ಲ.

ಈಗ ಕೊಂಡ ಕತೆ. ಪಾಪಿಲಿಯೊದಲ್ಲಿ ಎರಡು ಬಗೆ ಇದೆ, 6.5×21 ಮತ್ತು 8.5×21. ನಾನು ಆನ್‌ಲೈನ್‌ನಲ್ಲಿ ಕೇಳಿದ್ದು ಮೊದಲನೆಯದು. ಮಾರಿದವರು ಕಳಿಸಿದ್ದು ಎರಡನೆಯದು. ವಾಪಸ್ ಕಳಿಸಿ ಸರಿಯಾದದ್ದು ಕೈಗೆ ಬರಲು ಮೂರು ವಾರ ಹಿಡಿಯಿತು. ಎಂಟು ಸಲ ಫೋನ್ ಮಾಡಿದ್ದೇನೆ. ಪ್ರತಿ ಸಲ ಬೇರೆಯವರು ಎತ್ತಿ ಮೊದಲಿಂದ ಕತೆ ಕೇಳುತ್ತಿದ್ದರು. ಹತ್ತು ಸಾವಿರಕ್ಕೂ ಮೇಲೆ ಕೊಟ್ಟ ಸಾಮಾನಿಗೆ ಹೀಗೆ ಅಲೆಸಬಾರದು. ಒಂದು ಲಾಭವಂತೂ ಆಯಿತು. ವಾಪಸ್ ಕಳಿಸುವ ಮೊದಲು ಎರಡು ದಿನ 8.5 ನನ್ನ ಕೈಲಿತ್ತು. ಅದರಲ್ಲಿ ನೋಡಿದ್ದು ನೆನಪಿದೆ.

ಎಂಟೂವರೆ ಪಟ್ಟು ಅಂದರೆ ಇನ್ನೂ ದೊಡ್ಡದಾಗಿ ಕಾಣುತ್ತದೆ, ಅದೇ ಒಳ್ಳೆಯದಲ್ವಾ ಅಂತ ನನ್ನ ಮನೆಯವರು ಕೇಳಿದರು. ನನ್ನ ಕೈಗೆ ಅಲ್ಲ. ಬಗ್ಗಿ, ಮಂಡಿಯೂರಿ, ಉಸಿರು ಹಿಡಿದು ನೋಡುವಾಗ ಕೈಯ ನಡುಕವೂ ಎಂಟೂವರೆ ಪಟ್ಟಾಗುತ್ತದೆ. ಬೆಳಕಿನ ಲೆಕ್ಕವೂ ಇದೆ. ಮುಂದಿನ ಗಾಜಿನ ಅಗಲ ಎರಡರಲ್ಲೂ 21 ಮಿಲಿಮೀಟರ್. ಅದನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 6.5ರಲ್ಲಿ 3.2 ಮಿಲಿಮೀಟರ್, 8.5ರಲ್ಲಿ ಎರಡೂವರೆಗೂ ಸ್ವಲ್ಪ ಕಡಿಮೆ. ಅಡಿಕೆ ತೋಟದೊಳಗೆ ಮಧ್ಯಾಹ್ನವೂ ನೆರಳು. ಅಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ. ತೋಟ, ಕಾಡಿನವರು 6.5 ತೆಗೆದುಕೊಳ್ಳಿ. ಈ ಮಾತು ನಾನು ಖಚಿತವಾಗಿ ಹೇಳುತ್ತೇನೆ.

50 ಸೆಂಟಿಮೀಟರ್ ದೂರದ್ದನ್ನು ಆರೂವರೆ ಪಟ್ಟು ಹತ್ತಿರ ತಂದರೆ ಸುಮಾರು ಎಂಟು ಸೆಂಟಿಮೀಟರ್‌ನಿಂದ ನೋಡಿದ ಹಾಗೆ. ನನ್ನ ವಯಸ್ಸಿನ ಕಣ್ಣಿಗೆ ಎಂಟು ಸೆಂಟಿಮೀಟರ್ ಹತ್ತಿರದ್ದು ಏನೂ ಕಾಣುವುದಿಲ್ಲ. ಇದರಲ್ಲಿ ಚಿಟ್ಟೆಯ ಮೀಸೆಯ ತುದಿ ಕಾಣುತ್ತದೆ. ಕಣ್ಣಿನ ಮೇಲೆ ಬೆಳಕು ಹೊಳೆಯುವುದು ಕಾಣುತ್ತದೆ. ಸುರುಳಿ ನಾಲಿಗೆ ಹಣ್ಣಿನ ಮೇಲೆ ಆಡುವುದು ಕಾಣುತ್ತದೆ. ಎರಡೂ ಕಣ್ಣಿನಿಂದ ನೋಡುವುದರಿಂದ ಆಳವೂ ತಿಳಿಯುತ್ತದೆ. ಫೋಟೊದಲ್ಲಿ ಈ ಅನುಭವ ಇಲ್ಲ.

ಮೊದಲ ಸಲ ಸಂಜೆಕಂದುವನ್ನು ಸರಿಯಾಗಿ ನೋಡಿದ್ದು ಜೂನ್ ತಿಂಗಳಲ್ಲಿ. ಹಿತ್ತಲಿನ ಹಲಸಿನ ಮರದಿಂದ ಬಿದ್ದ ಹಣ್ಣು ಒಡೆದು ಕೊಳೆಯಲು ಶುರುವಾಗಿತ್ತು. ಈ ಚಿಟ್ಟೆಗೆ ಹೂವಿಗಿಂತ ಕೊಳೆತ ಹಣ್ಣು ಇಷ್ಟ, ಮರದಿಂದ ಒಸರುವ ರಸ ಇಷ್ಟ. ಹಣ್ಣಿನ ಮೇಲೆ ಕೂತರೆ ಬೇಗ ಏಳುವುದಿಲ್ಲ. ಆರೇಳು ಕೂತಿದ್ದವು. ನಾನು ಕೊಡೆ ಪಕ್ಕಕ್ಕಿಟ್ಟು ಅಡಿಕೆ ಹಾಳೆಯ ಮೇಲೆ ಮಂಡಿಯೂರಿದೆ. ಅತ್ತೆ ಜಗಲಿಯಿಂದ ಕೂಗಿದರು, “ಏನೇ ಅದು, ಅಷ್ಟೊತ್ತಿಂದ ಕೊಳೆತ ಹಣ್ಣು ನೋಡ್ತಾ ಇದೀಯ?” ಅವರನ್ನೂ ಕರೆದು ತೋರಿಸಿದೆ. ಎಂಬತ್ತರ ಹತ್ತಿರದ ಅವರು ಕನ್ನಡಕದ ಮೇಲೆಯೇ ಹಿಡಿದು ತುಂಬಾ ಹೊತ್ತು ನೋಡಿ, “ಕಣ್ಣು ಬರೆದಿಟ್ಟ ಹಾಗಿದೆ” ಅಂದರು.

ಹೌದು, ಕಣ್ಣುಗಳೇ. ಮಳೆಗಾಲದ ಸಂಜೆಕಂದುವಿನ ಗುರುತು ಅವು. ರೆಕ್ಕೆ ಮುಚ್ಚಿ ಕೂತಾಗ ಕಾಣುವ ಕೆಳಮೈ ತಿಳಿ ಕಂದು. ಅದರ ತುಂಬ ಗೋಣಿ ನೇಯ್ಗೆಯ ಹಾಗೆ ಒತ್ತೊತ್ತಾಗಿ ಸಣ್ಣ ಗಾಢ ಗೀರುಗಳು. ಹಿಂದಿನ ರೆಕ್ಕೆಯ ಅಂಚಿನ ಉದ್ದಕ್ಕೆ ಆರು ಕಣ್ಣು. ಮೇಲಿನ ತುದಿಯದ್ದು ದೊಡ್ಡದು, ಕೆಳ ತುದಿಯ ಹತ್ತಿರದ್ದು ಇನ್ನೊಂದು ದೊಡ್ಡದು, ನಡುವಿನವು ಸಣ್ಣವು. ಪ್ರತಿ ಕಣ್ಣಿಗೂ ನಡುವೆ ಬಿಳಿ ಚುಕ್ಕೆ, ಸುತ್ತ ಕಪ್ಪು, ಅದರಾಚೆ ಹಳದಿ ಉಂಗುರ. ಮುಂದಿನ ರೆಕ್ಕೆಯಲ್ಲಿ ನಾಲ್ಕು ಕಣ್ಣಿವೆ. ಆದರೆ ಅವನ್ನು ನೋಡಲು ಬೇಗ ಕಣ್ಣು ಹಾಯಿಸಬೇಕು. ಚಿಟ್ಟೆ ಕೂತ ಸ್ವಲ್ಪ ಹೊತ್ತಿಗೆ ಮುಂದಿನ ರೆಕ್ಕೆಯನ್ನು ಹಿಂದಿನದರ ಮರೆಗೆ ಜಾರಿಸಿಕೊಳ್ಳುತ್ತದೆ. ಗಾಬರಿಯಾದರೆ ಮತ್ತೆ ಮೇಲೆತ್ತುತ್ತದೆ. ಬರಿಗಣ್ಣಿಗೆ ಇದು ರೆಕ್ಕೆ ಅಲುಗಿದಂತೆ ಮಾತ್ರ ಕಾಣುತ್ತದೆ. ಪಾಪಿಲಿಯೊದಲ್ಲಿ ಕಣ್ಣುಗಳು ಒಂದೊಂದಾಗಿ ಮರೆಯಾಗುವುದನ್ನು ನೋಡಿದೆ. ಆ ದಿನ ಅಡುಗೆ ತಡವಾಯಿತು.

ಮೇಲ್ಮೈ ನೋಡುವುದು ಕಷ್ಟ. ಹಗಲು ಕೂತಿರುವಾಗ ರೆಕ್ಕೆ ಬಿಚ್ಚುವುದೇ ಅಪರೂಪ. ನಾನು ನೋಡಿದ್ದು ಜಗಲಿಯ ದೀಪಕ್ಕೆ ಬಂದು ಬೆಳಗ್ಗೆ ಸತ್ತು ಬಿದ್ದಿದ್ದ ಒಂದನ್ನು. ಮುಂದಿನ ರೆಕ್ಕೆಯ ತುದಿಗೆ ಹತ್ತಿರ ಒಂದು ಕಪ್ಪು ಮಚ್ಚೆ, ಅದರೊಳಗೆ ಎರಡು ಬಿಳಿ ಬೊಟ್ಟು. ಮಚ್ಚೆಯ ಒಳಬದಿಗೆ ಕಿತ್ತಳೆ ಬಣ್ಣ ಅರ್ಧಚಂದ್ರದ ಹಾಗೆ ಹಚ್ಚಿದೆ. ಉಳಿದದ್ದೆಲ್ಲ ಕಾಫಿ ಪುಡಿಯ ಬಣ್ಣ. ಈ ಎರಡು ಬಿಳಿ ಬೊಟ್ಟು ಮತ್ತು ಕಿತ್ತಳೆ ಚಂದ್ರ ನೆನಪಿಟ್ಟುಕೊಳ್ಳಿ. ಸಂಜೆ ಒಂದು ಗಂಡು ಇನ್ನೊಂದು ಗಂಡನ್ನು ಬೆನ್ನಟ್ಟಿ ಸುತ್ತುವಾಗ ಕಾಣುವ ಮಿಂಚು ಅದೇ.

ಅಡಿಕೆ ತೋಟದವರು ಇಲ್ಲಿ ಒಂದು ವಿಷಯಕ್ಕೆ ಎಚ್ಚರ ಇರಬೇಕು. ಪಾಮ್‌ಫ್ಲೈ ಅನ್ನುವ ಇನ್ನೊಂದು ಚಿಟ್ಟೆ ಇದೆ. ಅದರ ಹುಳು ಅಡಿಕೆ, ತೆಂಗಿನ ಗರಿ ತಿಂದು ಬೆಳೆಯುತ್ತದೆ, ಹಾಗಾಗಿ ನಮ್ಮ ತೋಟದಲ್ಲಿ ಯಾವಾಗಲೂ ಇರುತ್ತದೆ. ರೆಕ್ಕೆ ಮುಚ್ಚಿದರೆ ಅದೂ ಕಂದು, ಅದಕ್ಕೂ ಗೀರು. ಹಿಂದೆ ನಾನು ಎರಡನ್ನೂ ಒಂದೇ ಅಂತ ಬರೆದಿದ್ದೆ. ಹತ್ತಿರದಿಂದ ನೋಡಿದರೆ ಪಾಮ್‌ಫ್ಲೈಗೆ ಕಣ್ಣುಗಳ ಸಾಲಿಲ್ಲ. ಹಿಂದಿನ ರೆಕ್ಕೆಯ ಮೇಲಂಚಿನ ಹತ್ತಿರ ಒಂದೇ ಒಂದು ಬಿಳಿ ಚುಕ್ಕೆ ಇರುತ್ತದೆ. ಹಳೆಯ ನೋಟ್‌ಬುಕ್ಕಿನ ಎಷ್ಟೋ ಸಾಲುಗಳನ್ನು ಆಮೇಲೆ ಹೊಡೆದುಹಾಕಿದೆ.

ನನಗೆ ನಿಜವಾಗಿ ಬೆರಗಾದದ್ದು ಬೇಸಿಗೆಯಲ್ಲಿ. ದರಕಿನಿಂದ ಎದ್ದ ಚಿಟ್ಟೆ ಎಲ್ಲಿ ಕೂತಿತು ಅಂತ ಕಣ್ಣು ಕೀಳದೆ ಗುರುತಿಟ್ಟುಕೊಂಡು, ಒಂದೊಂದೇ ಹೆಜ್ಜೆ ಹೋಗಿ, ಎರಡು ಮೀಟರ್ ದೂರದಲ್ಲಿ ಪಾಪಿಲಿಯೊ ಎತ್ತಿದೆ. ಕಾಣಲಿಲ್ಲ. ಬರೀ ಎಲೆ. ಚಕ್ರವನ್ನು ನಿಧಾನ ತಿರುಗಿಸುತ್ತಾ ಎಲೆಯಿಂದ ಎಲೆಗೆ ಹೋದೆ. ಒಂದು ಎಲೆಗೆ ಕಾಲು ಕಂಡಿತು.

ಅದರಲ್ಲಿ ಕಣ್ಣುಗಳೇ ಇರಲಿಲ್ಲ! ದೊಡ್ಡ ಉಂಗುರಗಳಿದ್ದ ಜಾಗದಲ್ಲಿ ಸೂಜಿ ಚುಚ್ಚಿದಷ್ಟು ಬೊಟ್ಟು ಮಾತ್ರ. ಮೈಯೆಲ್ಲ ಒಣ ಎಲೆಯ ಬಣ್ಣ, ನಡುವೆ ಎಲೆಯ ನಡುನರದ ಹಾಗೆ ಒಂದು ಗಾಢ ಗೆರೆ. ಮುಂದಿನ ರೆಕ್ಕೆಯ ತುದಿ ಮಳೆಗಾಲದ್ದಕ್ಕಿಂತ ಜಾಸ್ತಿ ಕೊಕ್ಕೆಯಾಗಿ ಬಾಗಿದೆ. ಹಿಂದಿನ ರೆಕ್ಕೆಯ ಅಂಚಿನಲ್ಲಿ ಸಣ್ಣ ಹಲ್ಲಿನಂಥ ಮೂಲೆ, ಎಲೆಯ ತೊಟ್ಟಿನ ಹಾಗೆ. ಅದೇ ಬೆಳಗ್ಗೆ ಇನ್ನೂ ಎರಡು ಸಿಕ್ಕವು. ಒಂದು ಹುಲ್ಲಿನ ಬಣ್ಣ, ಇನ್ನೊಂದು ತುಕ್ಕಿನ ಬಣ್ಣಕ್ಕೆ ಮಸಿ ಬಳಿದಂತೆ. ಮೂರೂ ಒಂದೇ ಜಾತಿಯವು, ಒಂದರ ಹಾಗೆ ಒಂದಿಲ್ಲ. ದರಕಿನಲ್ಲೂ ಎರಡೆಲೆ ಒಂದೇ ಬಣ್ಣದ್ದಿರುವುದಿಲ್ಲವಲ್ಲ.

ಇದನ್ನು ಚಿಟ್ಟೆ ಬಣ್ಣ ಬದಲಿಸುತ್ತದೆ ಅಂತ ತಿಳಿಯಬಾರದು. ಒಮ್ಮೆ ರೆಕ್ಕೆ ಬಿಚ್ಚಿ ಹೊರಬಂದ ಮೇಲೆ ಅದರ ಗುರುತು ಸಾಯುವವರೆಗೆ ಅದೇ. ಬದಲಾಗುವುದು ಮುಂದಿನ ತಲೆಮಾರು. ಹುಳುವಾಗಿದ್ದಾಗ ಹವೆ ಹೇಗಿತ್ತು ಅನ್ನುವುದರ ಮೇಲೆ ರೆಕ್ಕೆ ಹೇಗಿರಬೇಕು ಅನ್ನುವುದು ತೀರ್ಮಾನವಾಗುತ್ತದೆ. ಆಫ್ರಿಕಾದಲ್ಲಿರುವ ಇದರ ನೆಂಟ ಬೈಸೈಕ್ಲಸ್ ಅನಿನಾನಾ ಅನ್ನುವ ಕಂದು ಚಿಟ್ಟೆಯ ಮೇಲೆ ವಿಜ್ಞಾನಿ ಪಾಲ್ ಬ್ರೇಕ್‌ಫೀಲ್ಡ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹುಳುವನ್ನು ಬೆಚ್ಚಗೆ ಬೆಳೆಸಿದರೆ ದೊಡ್ಡ ಕಣ್ಣಿನ ಚಿಟ್ಟೆ, ತಂಪಿನಲ್ಲಿ ಬೆಳೆಸಿದರೆ ಸಣ್ಣ ಕಣ್ಣಿನದು. ಅಲ್ಲಿ ಒಣ ಕಾಲವೇ ತಂಪು ಕಾಲ. ಮಳೆಗಾಲದ ಹಸಿರಿನಲ್ಲಿ ಕಂದು ಚಿಟ್ಟೆ ಅಡಗಲಾರದು, ಹಾಗಾಗಿ ಅಂಚಿನ ಕಣ್ಣು ತೋರಿಸಿ ಹಕ್ಕಿ, ಹಲ್ಲಿಯ ಕುಕ್ಕನ್ನು ಮೈಯಿಂದ ದೂರಕ್ಕೆ ಎಳೆಯುತ್ತದೆ. ಬೇಸಿಗೆಯಲ್ಲಿ ಕಣ್ಣಿದ್ದರೆ ಸಿಕ್ಕಿಬೀಳುತ್ತದೆ, ಎಲೆಯಾಗಿ ಕೂರುವುದೇ ಕ್ಷೇಮ. ಹಲಸಿನ ಹಣ್ಣಿನ ಮೇಲೆ ಕೂತಿದ್ದ ಆರೇಳರಲ್ಲಿ ಎರಡಕ್ಕೆ ಹಿಂದಿನ ರೆಕ್ಕೆಯ ಕೆಳ ಕಣ್ಣು ಇರುವ ಜಾಗವೇ ಹರಿದುಹೋಗಿತ್ತು. ಚಿಟ್ಟೆಗಳು ಆರಾಮಾಗಿ ಹಣ್ಣು ಹೀರುತ್ತಿದ್ದವು.

ಹುಳುವನ್ನೂ ನೋಡಿದ್ದೇನೆ, ನಮ್ಮ ಗದ್ದೆಯಲ್ಲೇ. ಸಂಜೆಕಂದುವಿನ ಹುಳು ಹುಲ್ಲಿನ ಜಾತಿಯ ಗಿಡ ತಿನ್ನುತ್ತದೆ, ಭತ್ತವನ್ನೂ ತಿನ್ನುತ್ತದೆ. ಕೃಷಿಯವರ ಪಟ್ಟಿಯಲ್ಲಿ ಇದರ ಹೆಸರು ಗ್ರೀನ್ ಹಾರ್ನ್ಡ್ ಕ್ಯಾಟರ್‌ಪಿಲ್ಲರ್, ಹಸಿರು ಕೊಂಬಿನ ಹುಳು. ಸಣ್ಣ ಕೀಟ, ಬೆಳೆ ಹಾಳುಮಾಡುವಷ್ಟು ನಮ್ಮಲ್ಲಿ ಬಂದದ್ದಿಲ್ಲ. ಸೆಪ್ಟೆಂಬರಿನಲ್ಲಿ ಗದ್ದೆ ಅಂಚಿನಲ್ಲಿ ಕೂತು ಎಲೆಗಳ ಅಡಿ ನೋಡುತ್ತಾ ಹೋದರೆ ಸಿಗುತ್ತದೆ. ಹಸಿರು ಎಲೆಯ ಮೇಲೆ ಹಸಿರು ಹುಳು, ಬರಿಗಣ್ಣಿಗೆ ಅಷ್ಟೇ. ಪಾಪಿಲಿಯೊದಲ್ಲಿ ಅದರ ಮುಖ ಕಂಡಿತು. ತಲೆಯ ಮೇಲೆ ಎರಡು ಕೊಂಬು, ಬಾಲದ ತುದಿ ಎರಡಾಗಿ ಸೀಳಿದೆ. ಎರಡು ಹುಳು ತಂದು ಜಾಡಿಯಲ್ಲಿ ಭತ್ತದ ಎಲೆ ಹಾಕಿ ಸಾಕಿದೆ. ಎಲೆಗೆ ತಲೆಕೆಳಗಾಗಿ ತೂಗಿ ನುಣುಪಾದ ಹಸಿರು ಕೋಶವಾದವು. ಒಂದು ಚಿಟ್ಟೆಯಾಯಿತು, ಇನ್ನೊಂದು ಕಪ್ಪಾಗಿ ಸತ್ತಿತು. ಬಂದದ್ದನ್ನು ಸಂಜೆ ಹಲಸಿನ ಬುಡದಲ್ಲಿ ಬಿಟ್ಟೆ.

ಸಣ್ಣ ಕಂದು ಚಿಟ್ಟೆಗಳಿಗೆ ಈ ಬೈನಾಕ್ಯುಲರ್ ಇನ್ನೂ ಜಾಸ್ತಿ ಬೇಕು. ತೋಟದ ಹುಲ್ಲಿನಲ್ಲಿ ಬುಷ್‌ಬ್ರೌನ್ ಅಂತ ಇವೆ, ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ಹೆಚ್ಚು ದೊಡ್ಡವಲ್ಲ. ಕಾಮನ್ ಬುಷ್‌ಬ್ರೌನ್ ಮತ್ತು ಡಾರ್ಕ್ ಬ್ರ್ಯಾಂಡೆಡ್ ಬುಷ್‌ಬ್ರೌನ್ ಎರಡೂ ನೋಡಲು ಒಂದೇ. ವ್ಯತ್ಯಾಸ ಇರುವುದು ಹಿಂದಿನ ರೆಕ್ಕೆಯ ಕೆಳಭಾಗದ ಕಣ್ಣುಗಳಲ್ಲಿ. ಆ ಕಣ್ಣುಗಳ ಬಿಳಿ ಚುಕ್ಕೆಗಳನ್ನು ಒಂದು ದಾರದಲ್ಲಿ ಪೋಣಿಸಿದಂತೆ ಮನಸ್ಸಿನಲ್ಲಿ ಗೆರೆ ಎಳೆಯಬೇಕು. ಗೆರೆ ನೇರವಾಗಿದ್ದರೆ ಡಾರ್ಕ್ ಬ್ರ್ಯಾಂಡೆಡ್. ಒಂದು ಚುಕ್ಕೆ ಸಾಲು ತಪ್ಪಿ ಪಕ್ಕಕ್ಕೆ ಸರಿದಿದ್ದರೆ ಕಾಮನ್. ಸಾಸಿವೆಗಿಂತ ಸಣ್ಣ ಚುಕ್ಕೆ ಅರ್ಧ ಮಿಲಿಮೀಟರ್ ಸರಿದದ್ದನ್ನು ಹುಲ್ಲಿನ ನಡುವೆ ನೋಡಬೇಕು. ನೋಡಿದ್ದೇನೆ, ಒಂದಲ್ಲ, ಹತ್ತಾರು ಸಲ. ಆದರೆ ಇದು ಮಳೆಗಾಲದಲ್ಲಿ ಮಾತ್ರ ನಡೆಯುತ್ತದೆ. ಬೇಸಿಗೆಯಲ್ಲಿ ಇವುಗಳ ಕಣ್ಣೂ ಸಣ್ಣಗಾಗುತ್ತವೆ.

ಎಲ್ಲವನ್ನೂ ಇದರಿಂದ ಬಗೆಹರಿಸಲು ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಸಂಜೆಕಂದುವಿಗೆ ಡಾರ್ಕ್ ಈವನಿಂಗ್ ಬ್ರೌನ್ ಅನ್ನುವ ತಮ್ಮನಿದ್ದಾನೆ. ಪಶ್ಚಿಮಘಟ್ಟದ ನೆರಳು ಕಾಡುಗಳಲ್ಲಿ ಇರುತ್ತದೆ, ಬಣ್ಣ ಇನ್ನೂ ಗಾಢ. ಬೇಸಿಗೆಯಲ್ಲಿ ರೆಕ್ಕೆ ಮುಚ್ಚಿ ಕೂತರೆ ಇವೆರಡನ್ನು ಬೇರೆ ಮಾಡಲು ನನಗೆ ಎಷ್ಟೋ ಸಲ ಧೈರ್ಯ ಸಾಲುವುದಿಲ್ಲ. ಆಗ ಸುಮ್ನೆ “ಈವನಿಂಗ್ ಬ್ರೌನ್” ಅಂತ ಬರೆದು ಬಿಡುತ್ತೇನೆ. ಗಾಜು ಎಷ್ಟೇ ಚೆನ್ನಾಗಿದ್ದರೂ ಚಿಟ್ಟೆ ತೋರಿಸದ ಗುರುತನ್ನು ಅದು ತೋರಿಸಲಾರದು.

ಬಳಸುವ ರೀತಿಯ ಬಗ್ಗೆ. ತೂಕ 290 ಗ್ರಾಂ, ಇಡೀ ದಿನ ಕೊರಳಲ್ಲಿದ್ದರೂ ಭಾರ ಅನ್ನಿಸುವುದಿಲ್ಲ. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ತಿರುಗಿಸಿ ಕೆಳಗಿಳಿಸಿಕೊಳ್ಳಿ. ಕನ್ನಡಕ ತೆಗೆಯದೆ ನನಗೆ ಹೆಚ್ಚೂಕಡಿಮೆ ಪೂರ್ತಿ ಚಿತ್ರ ಸಿಗುತ್ತದೆ. 50 ಸೆಂಟಿಮೀಟರ್‌ನಲ್ಲಿ ಲೆಕ್ಕ ಹಾಕಿದರೆ ಸುಮಾರು ಆರೂವರೆ ಸೆಂಟಿಮೀಟರ್ ಅಗಲದ ಜಾಗ ಕಾಣುತ್ತದೆ. ಸಂಜೆಕಂದುವಿನ ಮುಚ್ಚಿದ ರೆಕ್ಕೆ ಅದರೊಳಗೆ ಸರಿಯಾಗಿ ಕೂರುತ್ತದೆ. ಹತ್ತಿರದಲ್ಲಿ ಫೋಕಸ್ ತುಂಬಾ ನಾಜೂಕು. ಚಿಟ್ಟೆ ಒಂದು ಹೆಜ್ಜೆ ಸರಿದರೂ ಚಕ್ರ ಮುಟ್ಟಬೇಕು. ಚಕ್ರ ತಿರುಗಿಸುವ ಬದಲು ನಾನು ತಲೆಯನ್ನೇ ಒಂದು ಬೆರಳಷ್ಟು ಹಿಂದೆ ಮುಂದೆ ಮಾಡುತ್ತೇನೆ. ಅದು ಸುಲಭ. ಮೊದಲ ವಾರ ಚಿಟ್ಟೆಯನ್ನು ಚಿತ್ರದೊಳಗೆ ತರುವುದೇ ಕಷ್ಟವಾಗಿತ್ತು. ಎರಡು ಮೀಟರ್‌ನಿಂದ ಶುರು ಮಾಡಿ, ನೋಡುತ್ತಲೇ ಹತ್ತಿರ ಹೋಗಿ. ಆಗ ಚಿಟ್ಟೆ ತಪ್ಪುವುದಿಲ್ಲ. ನಿಮ್ಮ ನೆರಳು ಯಾವ ಕಡೆ ಬೀಳುತ್ತಿದೆ ಅಂತ ಮೊದಲೇ ನೋಡಿಕೊಳ್ಳಿ.

ಇನ್ನು ಎರಡು ಮಿತಿ. ಒಂದು, ಸಂಜೆ. ಈ ಚಿಟ್ಟೆ ನಿಜವಾಗಿ ಬದುಕುವುದು ಸೂರ್ಯ ಮುಳುಗಿದ ಮೇಲಿನ ಅರ್ಧ ಗಂಟೆ. ಆ ಹೊತ್ತಿಗೆ ಪಾಪಿಲಿಯೊ ಕೆಲಸಕ್ಕೆ ಬರುವುದಿಲ್ಲ. 21 ಮಿಲಿಮೀಟರ್ ಗಾಜು ಹಿಡಿಯುವ ಬೆಳಕೇ ಅಷ್ಟು, ಮಾಡಿದವರ ತಪ್ಪಲ್ಲ. ಕತ್ತಲಲ್ಲಿ ನೋಡಬೇಕಾದರೆ 8×42 ಬೇಕು, ಅದು ಮೊಳದ ದೂರಕ್ಕೆ ಬರುವುದಿಲ್ಲ. ಒಂದೇ ಸಾಮಾನು ಎರಡೂ ಕೊಡಲಾರದು. ನಾನು ಹಗಲು ಕೂತದ್ದನ್ನು ಇದರಲ್ಲಿ ನೋಡುತ್ತೇನೆ. ಸಂಜೆ ಹಾರುವಾಗ ಬರಿಗಣ್ಣಿಂದ ನೋಡುತ್ತಾ ಜಗಲಿಯಲ್ಲಿ ಕೂರುತ್ತೇನೆ.

ಎರಡು, ಮಳೆ. ಇದು ನೀರು ತಡೆಯುವ ಬೈನಾಕ್ಯುಲರ್ ಅಲ್ಲ. ಕೊಳ್ಳುವಾಗಲೇ ಇದು ಗೊತ್ತಿತ್ತು. ಜುಲೈನಲ್ಲಿ ನಮ್ಮಲ್ಲಿ ಬಟ್ಟೆ ವಾರವಾದರೂ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ. ನನ್ನ ಹಳೆಯ ದೊಡ್ಡ ಬೈನಾಕ್ಯುಲರ್‌ನ ಗಾಜಿನೊಳಗೆ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬಿ ಹಾಳಾಗಿದೆ. ಹಾಗಾಗಿ ಇದಕ್ಕೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಇಟ್ಟಿದ್ದೇನೆ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಚೀಲಗಳು. ಹದಿನೈದು ದಿನಕ್ಕೊಮ್ಮೆ ಅವನ್ನು ಒಲೆಯ ಹತ್ತಿರ ಕಾಯಿಸಿ ಒಣಗಿಸುತ್ತೇನೆ. ಹೊರಗಿಂದ ತಂದ ಕೂಡಲೇ ಡಬ್ಬಿಗೆ ಹಾಕಬಾರದು. ಮೊದಲು ಬಟ್ಟೆಯಲ್ಲಿ ಒರೆಸಿ ಒಂದು ಗಂಟೆ ಗಾಳಿಗೆ ಇಡಬೇಕು. ಎರಡು ಮಳೆಗಾಲ ದಾಟಿದೆ, ಗಾಜು ಇವತ್ತಿಗೂ ಶುಭ್ರ.

ಹಕ್ಕಿಗಾಗಿ ಇದನ್ನು ಕೊಳ್ಳಬೇಡಿ. ದೂರದ್ದೂ ಕಾಣುತ್ತದೆ, ಆದರೆ ಆರೂವರೆ ಪಟ್ಟು ಹಕ್ಕಿಗೆ ಸಾಲದು. ಚಿಟ್ಟೆ, ಜೇಡ, ಏರೋಪ್ಲೇನ್ ಚಿಟ್ಟೆ, ಹೂವಿನೊಳಗಿನ ಇರುವೆ, ಗಿಡದ ರೋಗ ನೋಡುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕೈಯಲ್ಲಿ ಹಿಡಿದಿಲ್ಲ. ಅಡಿಕೆ ಸಿಂಗಾರದ, ಅಂದರೆ ಹೂಗೊನೆಯ ಮೇಲಿನ ಹುಳ ನೋಡಲು ಮನೆಯವರೂ ಈಗ ಇದನ್ನೇ ಕೇಳುತ್ತಾರೆ. ಫೋಟೊ ಬೇಕೆನ್ನುವವರು ಫೋನನ್ನು ಒಂದು ಕಣ್ಣಿನ ಬಟ್ಟಲಿಗೆ ಒತ್ತಿ ತೆಗೆಯಬಹುದು. ಹತ್ತರಲ್ಲಿ ಒಂದು ಚೆನ್ನಾಗಿ ಬರುತ್ತದೆ. ನಾನು ಫೋಟೊ ಬಿಟ್ಟು ಚಿತ್ರ ಬರೆಯುತ್ತೇನೆ. ರೆಕ್ಕೆಯ ಆಕಾರ ಮೊದಲೇ ಬರೆದಿಟ್ಟು, ಕಣ್ಣು ಎಷ್ಟು, ಯಾವುದು ದೊಡ್ಡದು, ಚುಕ್ಕೆ ಸಾಲಾಗಿದೆಯಾ ಅಂತ ತುಂಬಿಸುತ್ತೇನೆ. ಬರೆಯಲು ಶುರು ಮಾಡಿದ ಮೇಲೆ ನೋಡುವುದೂ ಚುರುಕಾಯಿತು.

ಕೊಳ್ಳುವವರಿಗೆ ಇನ್ನೊಂದು ಮಾತು. ಪಾರ್ಸೆಲ್ ಬಂದ ಕೂಡಲೇ ಪೆಟ್ಟಿಗೆ ಒಡೆಯಬೇಡಿ. ಮೇಲೆ 6.5 ಅಂತ ಇದೆಯಾ ನೋಡಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ಬಿಚ್ಚಿ. ಅಂಗಳದ ಯಾವುದಾದರೂ ಎಲೆಯನ್ನು ಮೊಳದ ದೂರದಲ್ಲಿ ಹಿಡಿದು ಎರಡೂ ಕಣ್ಣಿನ ಚಿತ್ರ ಒಂದಾಗುತ್ತದೆಯಾ ಅಂತ ಅವತ್ತೇ ಪರೀಕ್ಷೆ ಮಾಡಿ.